ರಸ ಒಣಗಿದ ಯಂತ್ರಗಳು

ಬಿಬಿಸಿ ಮೈಕ್ರೊ ಕಂಪ್ಯೂಟರಿನ ಸ್ವಿಚ್ ಹಾಕಿದರೆ ಮೊದಲು ಒಂದು ದಪ್ಪ ದನಿ ಹೊರಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನಿಂತು ‘ಪೀಪ್’ ಎಂದು ಸಣ್ಣ ದನಿ ಕೇಳಿಸುತ್ತದೆ. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡುತ್ತದೆ. ಆ ದಪ್ಪ ದನಿಯನ್ನು ಯಾರೂ ಬೇಕೆಂದು ಇಟ್ಟದ್ದಲ್ಲ. ಕರೆಂಟು ಬಂದ ಕೂಡಲೇ ಒಳಗಿನ ಎಸ್‌ಎನ್76489 ಎಂಬ ಧ್ವನಿ ಚಿಪ್, ಸುಮ್ಮನಿರು ಎಂದು ಹೇಳುವವರು ಇನ್ನೂ ಎದ್ದಿಲ್ಲವಾದ್ದರಿಂದ, ತನ್ನಷ್ಟಕ್ಕೆ ತಾನು ಗುಂಯ್‌ಗುಡತೊಡಗುತ್ತದೆ. ಅಷ್ಟರಲ್ಲಿ 6502 ಪ್ರೊಸೆಸರ್ ಎಚ್ಚೆತ್ತು, ಕಾಯಂ ನೆನಪಿನ ರಾಮ್ (ROM) ಚಿಪ್ಪಿನಲ್ಲಿರುವ ಆಜ್ಞೆಗಳನ್ನು ಓದುತ್ತ ಹೋಗಿ, ಧ್ವನಿ ಚಿಪ್ಪಿನ ಬಾಯಿ ಮುಚ್ಚಿಸಿ, ಕೊನೆಗೆ ತಾನೇ ಒಂದು ಪೀಪ್ ಹಾಕುತ್ತದೆ.

ಹಳೆಯ ಕಂಪ್ಯೂಟರುಗಳಿಗೆ ಜೀವ ತುಂಬುವ ಹವ್ಯಾಸಿಗೆ ಇಷ್ಟು ಗೊತ್ತಿದ್ದರೆ ಡಬ್ಬಿ ಬಿಚ್ಚುವ ಮೊದಲೇ ಅರ್ಧ ತಪಾಸಣೆ ಮುಗಿದಂತೆ. ದಪ್ಪ ದನಿ ನಿಲ್ಲದೆ ಮೊಳಗುತ್ತಲೇ ಇದೆಯೇ? ಹಾಗಾದರೆ ಪವರ್ ಸಪ್ಲೈ ಬದುಕಿದೆ, ಧ್ವನಿ ಚಿಪ್ಪೂ ಬದುಕಿದೆ, ಆದರೆ ಪ್ರೊಸೆಸರ್ ಹೊರಟ ದಾರಿಯಲ್ಲಿ ಎಲ್ಲೋ ಮುಗ್ಗರಿಸಿದೆ. ಎರಡು ದನಿಯೂ ಸರಿಯಾಗಿ ಬಂದು ಪರದೆ ಮಾತ್ರ ಕಪ್ಪಾಗಿದ್ದರೆ ಲೆಕ್ಕಾಚಾರದ ಭಾಗ ಸುಖವಾಗಿದೆ, ಚಿತ್ರ ಮೂಡಿಸುವ ಭಾಗವನ್ನು ಹುಡುಕಬೇಕು. ಯಾವ ದನಿಯೂ ಇಲ್ಲದಿದ್ದರೆ ಪವರ್ ಸಪ್ಲೈಯಿಂದಲೇ ಆರಂಭ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿ ಈ ಯಂತ್ರವನ್ನು 1981ರ ಡಿಸೆಂಬರ್‌ನಲ್ಲಿ ಹೊರತಂದಿತು. ಕಂಪ್ಯೂಟರ್ ಎಂದರೇನೆಂದು ಟಿವಿಯ ಮೂಲಕ ಜನಸಾಮಾನ್ಯರಿಗೆ ಕಲಿಸಲು ಹೊರಟ ಬಿಬಿಸಿ, ಪಾಠಕ್ಕೆ ತಕ್ಕ ಯಂತ್ರವೊಂದು ಬೇಕೆಂದು ಇದನ್ನು ಆರಿಸಿಕೊಂಡಿತ್ತು. ಪ್ರೊಸೆಸರಿನ ವೇಗ 2 ಮೆಗಾಹರ್ಟ್ಸ್, ಮೆಮೊರಿ 32 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಇದು ಪರದೇಶದ ಕತೆ ಮಾತ್ರವೂ ಅಲ್ಲ. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನಲ್ಲಿ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಮೊದಲ ಬಾರಿಗೆ ಕಂಪ್ಯೂಟರ್ ಕಳಿಸಿದಾಗ ಹೋದದ್ದು ಇದೇ ಬಿಬಿಸಿ ಮೈಕ್ರೊ. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನೇ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಯಾರಿಸಿತು. ಐವತ್ತು ದಾಟಿದ ಕೆಲವು ಎಂಜಿನಿಯರುಗಳು ಮೊದಲ ಬೇಸಿಕ್ ಪ್ರೋಗ್ರಾಮ್ ಬರೆದದ್ದು ಇದರ ಕೆಂಪು ಫಂಕ್ಷನ್ ಕೀಲಿಗಳ ಕೆಳಗೆ.

ನಲವತ್ತು ವರ್ಷ ಕಳೆದ ಇಂಥ ಯಂತ್ರದಲ್ಲಿ ನಿಜವಾಗಿ ಸಾಯುವುದು ಯಾವುದು? ಚಿಪ್ ಎಂದು ಯಾರಾದರೂ ಊಹಿಸಿಯಾರು. ಅತಿ ಸಂಕೀರ್ಣವಾದದ್ದೇ ಮೊದಲು ಕೆಡುತ್ತದೆ ಎಂಬುದು ನಮ್ಮ ಸಹಜ ತರ್ಕ. ಇಲ್ಲಿ ಹೆಚ್ಚಾಗಿ ತಿರುಗುಮುರುಗು. 1975ರಲ್ಲಿ ಬಂದ 6502 ಚಿಪ್ಪಿನಲ್ಲಿ ಇದ್ದದ್ದು ಸುಮಾರು ಮೂರೂವರೆ ಸಾವಿರ ಟ್ರಾನ್ಸಿಸ್ಟರ್. ಆಗಿನ ತಯಾರಿಕೆಯಲ್ಲಿ ಅದರ ಗೆರೆಗಳ ಅಗಲ 8 ಮೈಕ್ರಾನ್. ಇವತ್ತಿನ ಫೋನಿನ ಚಿಪ್ಪಿನಲ್ಲಿ ಅಳತೆ ನ್ಯಾನೋಮೀಟರಿಗೆ ಇಳಿದಿದೆ. ತೆಳ್ಳಗಿನ ತಂತಿಯಲ್ಲಿ ಜೋರಾಗಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ಮೆಲ್ಲಗೆ ತಳ್ಳಿಕೊಂಡು ಹೋಗಿ ಕೊನೆಗೆ ತಂತಿಯನ್ನು ಕಡಿಯುತ್ತವೆ. ಹಳೆಯ ಚಿಪ್ಪುಗಳ ಗೆರೆ ದಪ್ಪ, ಹರಿವು ನಿಧಾನ. ಆ ಸವಕಲು ಅಲ್ಲಿ ನಡೆದೇ ಇಲ್ಲ ಎನ್ನುವಷ್ಟು ಕಮ್ಮಿ. ಜೊತೆಗೆ ಸಿಲಿಕಾನ್ ಒಣ ವಸ್ತು. ಅದರಲ್ಲಿ ಆವಿಯಾಗುವುದು, ಸೋರುವುದು, ಹುಳಿಯುವುದು ಏನೂ ಇಲ್ಲ.

ಕೆಡುವುದು ಒದ್ದೆಯಾದ, ಮೆತ್ತಗಿನ ಭಾಗಗಳು. ಕೆಪಾಸಿಟರಿನೊಳಗಿನ ದ್ರಾವಣ, ಬ್ಯಾಟರಿಯ ಕ್ಷಾರ, ರಬ್ಬರಿನ ಬೆಲ್ಟು, ಪ್ಲಾಸ್ಟಿಕ್ಕಿನ ಕವಚ, ಫ್ಲಾಪಿಯ ಮೇಲಿನ ಕಾಂತೀಯ ಲೇಪ. ಹಾಗಾಗಿ ಹಳೆಯ ಕಂಪ್ಯೂಟರಿನ ಪುನಶ್ಚೇತನ ಎಂಬುದು ಹೆಸರಿಗೆ ಎಲೆಕ್ಟ್ರಾನಿಕ್ಸ್, ಕೆಲಸದಲ್ಲಿ ಮುಕ್ಕಾಲು ಪಾಲು ರಸಾಯನಶಾಸ್ತ್ರ.

ಗುಜರಿಯಿಂದಲೋ ಅಟ್ಟದಿಂದಲೋ ತಂದ ಯಂತ್ರವನ್ನು ಪ್ಲಗ್ಗಿಗೆ ಚುಚ್ಚಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಬಿಸಿ ಮೈಕ್ರೊದ ಮಟ್ಟಿಗೆ ಆ ಆಸೆ ಹೊಗೆಯಲ್ಲಿ ಮುಗಿಯುವುದೇ ಹೆಚ್ಚು. ಅದರ ಪವರ್ ಸಪ್ಲೈಯಲ್ಲಿ ಮೇನ್ಸ್ ವಿದ್ಯುತ್ತಿನ ಎರಡು ತಂತಿಗಳಿಗೆ ಅಡ್ಡಲಾಗಿ ಹಳದಿ ಗಾಜಿನಂಥ ಕವಚದ ಕೆಪಾಸಿಟರುಗಳಿವೆ. ಹವ್ಯಾಸಿಗಳು ತಯಾರಕರ ಹೆಸರಿನಿಂದ ಅವನ್ನು ‘ರಿಫಾ’ ಎಂದೇ ಕರೆಯುತ್ತಾರೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷಗಳು ಕಳೆದಂತೆ ಹೊರಗಿನ ಎಪಾಕ್ಸಿ ಕವಚ ಕೂದಲೆಳೆಯಷ್ಟು ಸೀಳುತ್ತದೆ. ಸೀಳಿನಲ್ಲಿ ಗಾಳಿಯ ತೇವ ಒಳನುಗ್ಗುತ್ತದೆ, ಕಾಗದ ಅದನ್ನು ಹೀರಿಕೊಳ್ಳುತ್ತದೆ. ಅದು ಕಪಾಟಿನಲ್ಲಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಮೂವತ್ತು ವರ್ಷ ಕಪಾಟಿನಲ್ಲಿದ್ದ ಯಂತ್ರಕ್ಕೆ 230 ವೋಲ್ಟ್ ಕೊಟ್ಟಾಗ ಒದ್ದೆ ಕಾಗದದಲ್ಲಿ ವಿದ್ಯುತ್ ಸೋರಿ, ಕಾದು, ಕೆಲವು ನಿಮಿಷಗಳಲ್ಲಿ ಕೋಣೆಯ ತುಂಬ ಕಮಟು ಹೊಗೆ. ತಮಾಷೆಯೆಂದರೆ ಹೊಗೆ ಬರುತ್ತಿರುವಾಗಲೂ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ಆ ಕೆಪಾಸಿಟರಿನ ಕೆಲಸ ಯಂತ್ರದ ವಿದ್ಯುತ್ ಗದ್ದಲ ಮೇನ್ಸ್ ತಂತಿಗೆ ಹೋಗದಂತೆ ತಡೆಯುವುದು ಮಾತ್ರ. ಲೆಕ್ಕಾಚಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಮೊದಲು ಬಿಚ್ಚುವುದು, ಆಮೇಲೆ ಚುಚ್ಚುವುದು. ಹಳದಿ ಕೆಪಾಸಿಟರ್ ಬಿರಿದಿರಲಿ ಬಿಡಲಿ ಕಿತ್ತು, ಅದೇ ಅಳತೆಯ ಎಕ್ಸ್2 ದರ್ಜೆಯ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಬೇಕು. ಮೇನ್ಸ್‌ಗೆ ಅಡ್ಡಲಾಗಿ ಕೂರುವ ಭಾಗಕ್ಕೆ ಬೇರೆ ದರ್ಜೆ ಸಲ್ಲದು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ಲಗ್ ಕಿತ್ತಮೇಲೂ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ವಿದ್ಯುತ್ತು ಕೂತಿರಬಹುದು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನೊಳಗೆ ಸಾವಿರಾರು ವೋಲ್ಟ್. ಮಲ್ಟಿಮೀಟರಿನಲ್ಲಿ ಅಳೆದು, ಇಳಿಸಿ, ಮತ್ತೆ ಅಳೆದು ಕೈಹಾಕುವ ತಾಳ್ಮೆ ಇಲ್ಲದವರು ಈ ಹವ್ಯಾಸಕ್ಕೆ ಬರದಿರುವುದೇ ವಾಸಿ.

ಇನ್ನು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಬೋರ್ಡಿನ ಮೇಲೆ ಪುಟ್ಟ ಉರುಳೆಗಳಂತೆ ನಿಂತಿರುವವು ಇವೇ. ಇವುಗಳ ರಚನೆ ಬಹಳ ಜಾಣತನದ್ದು. ಅಲ್ಯೂಮಿನಿಯಂ ಹಾಳೆಯ ಮೇಲೆ ಅದರದೇ ಆಕ್ಸೈಡಿನ ಪೊರೆ ಬೆಳೆಸಿರುತ್ತಾರೆ. ಪ್ರತಿ ವೋಲ್ಟಿಗೆ ಒಂದು ನ್ಯಾನೋಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪವಿದ್ದರೆ ಸಾಕು, ಅಷ್ಟು ತೆಳು ಪೊರೆಯೇ ವಿದ್ಯುತ್ತನ್ನು ತಡೆದು ನಿಲ್ಲಿಸುತ್ತದೆ. ಪೊರೆಯ ಆಚೆಗಿರುವುದು ದ್ರಾವಣದಲ್ಲಿ ನೆನೆಸಿದ ಕಾಗದ. ಹಾಳೆಯ ಒರಟು ಮೈಯ ಸಂದುಗೊಂದಿಗೆಲ್ಲ ಹರಿದುಹೋಗಿ ಮುಟ್ಟುವ ಆ ದ್ರಾವಣವೇ ನಿಜವಾದ ಎರಡನೇ ತಟ್ಟೆ. ಪೊರೆಯಲ್ಲಿ ಅಲ್ಲಲ್ಲಿ ತೂತು ಬಿದ್ದರೆ ಅದನ್ನು ಮುಚ್ಚಿಕೊಳ್ಳುವ ಆಮ್ಲಜನಕವೂ ಆ ದ್ರಾವಣದಿಂದಲೇ ಬರುತ್ತದೆ. ಅಂದರೆ ರಸ ಇರುವವರೆಗೆ ಕೆಪಾಸಿಟರ್ ತನ್ನ ಗಾಯ ತಾನೇ ಮಾಯಿಸಿಕೊಳ್ಳುತ್ತದೆ. ಬುಡದ ರಬ್ಬರ್ ಬಿರಡೆಯ ಮೂಲಕ ರಸ ಇಂಗಿಹೋದಂತೆ ಒಳಗಿನ ರೋಧ ಏರುತ್ತದೆ, ಸಮತಟ್ಟಾಗಿರಬೇಕಾದ 5 ವೋಲ್ಟಿನಲ್ಲಿ ಅಲೆಗಳು ಏಳುತ್ತವೆ. ಆಗ ಯಂತ್ರ ಒಮ್ಮೆ ಓಡುತ್ತದೆ, ಒಮ್ಮೆ ಹೆಪ್ಪುಗಟ್ಟುತ್ತದೆ, ಏಕೆಂದು ಗೊತ್ತಾಗದು.

ಇವುಗಳ ಆಯಸ್ಸಿಗೆ ಒಂದು ಸರಳ ಲೆಕ್ಕವಿದೆ: ಬಿಸಿ 10 ಡಿಗ್ರಿ ಇಳಿದಂತೆ ಆಯಸ್ಸು ಇಮ್ಮಡಿ. ಮೈಮೇಲೆ ‘105 ಡಿಗ್ರಿ’ ಎಂದು ಬರೆದಿರುವ, 2000 ಗಂಟೆ ಬಾಳಿಕೆಯ ಕೆಪಾಸಿಟರ್ 45 ಡಿಗ್ರಿಯಲ್ಲಿ ಓಡಿದರೆ ಆರು ಬಾರಿ ಇಮ್ಮಡಿಸಿ 1,28,000 ಗಂಟೆ, ಹಗಲೂ ರಾತ್ರಿ ಓಡಿಸಿದರೂ ಹದಿನಾಲ್ಕು ವರ್ಷದ ಮೇಲೆ. ಅದೇ 85 ಡಿಗ್ರಿ, 1000 ಗಂಟೆಯ ಅಗ್ಗದ ಮಾಲು ಅದೇ ಜಾಗದಲ್ಲಿ ಎರಡು ವರ್ಷವೂ ಬಾಳದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರು ರೂಪಾಯಿ ಎರಡು ರೂಪಾಯಿ ಹೆಚ್ಚಾದರೂ 105 ಡಿಗ್ರಿಯದನ್ನೇ ಕೇಳಬೇಕಾದ್ದು ಈ ಕಾರಣಕ್ಕೆ. ಕಾಲುಗಳು ಗಿಡ್ಡವಾಗಿ, ತುದಿಗೆ ಬೆಸುಗೆಯ ಕಲೆ ಇದ್ದರೆ ಅದು ಬೇರೆ ಬೋರ್ಡಿನಿಂದ ಕಿತ್ತದ್ದು. ಮುದಿಯನ್ನು ತೆಗೆದು ಮುದಿಯನ್ನೇ ಕೂರಿಸಿದ ಹಾಗಾಗುತ್ತದೆ.

1980ರ ದಶಕದ ಕೊನೆಗೆ ಬೋರ್ಡಿನ ಮೈಗೇ ಅಂಟಿ ಕೂರುವ ಚಿಕ್ಕ ಕೆಪಾಸಿಟರುಗಳು ಬಂದವು. ಆಪಲ್ ಮ್ಯಾಕಿಂಟಾಷ್ ಎಸ್‌ಇ/30, ಕಮೊಡೊರ್ ಅಮಿಗಾ 1200 ಇಂಥ ಯಂತ್ರಗಳಲ್ಲಿ ಅವು ಇವೆ. ಅವುಗಳ ದ್ರಾವಣ ಬಿರಡೆಯನ್ನೇ ಕೊರೆದು ಹೊರಬಂದು ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಸೋರಿದ ಜಾಗಕ್ಕೆ ಸೋಲ್ಡರಿಂಗ್ ಐರನ್ ಮುಟ್ಟಿಸಿದರೆ ಮೀನಿನ ವಾಸನೆ ಏಳುತ್ತದೆ. ದ್ರಾವಣದಲ್ಲಿದ್ದ ಅಮೋನಿಯಂ ಲವಣಗಳು ಕಾವಿಗೆ ಒಡೆದು ಅಮೀನ್‌ಗಳಾಗುತ್ತವೆ. ಹಳಸಿದ ಮೀನಿನ ವಾಸನೆಗೂ ಅಮೀನ್‌ಗಳೇ ಕಾರಣ. ಕರಾವಳಿಯವರ ಮೂಗಿಗೆ ಇದಕ್ಕೆ ಬೇರೆ ಮೀಟರು ಬೇಕಿಲ್ಲ.

ಆದರೆ ನಮ್ಮ ದೇಶದಲ್ಲಿ ಹವ್ಯಾಸಿಯ ಕೈಗೆ ಸಿಗುವುದು ಹೆಚ್ಚಾಗಿ ಬಿಬಿಸಿ ಮೈಕ್ರೊವೂ ಅಲ್ಲ, ಮ್ಯಾಕಿಂಟಾಷೂ ಅಲ್ಲ. ಬಿಡಿಭಾಗ ತಂದು ಜೋಡಿಸಿದ 286, 386, 486 ಪಿಸಿಗಳು. ಇವುಗಳ ಮೇಲೆ ಯಮನಂತೆ ಕೂತಿರುವುದು ಮದರ್‌ಬೋರ್ಡಿನ ಮೂಲೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ: ನೀಲಿಯೋ ಹಸಿರೋ ಪ್ಲಾಸ್ಟಿಕ್ ಸುತ್ತಿದ, 3.6 ವೋಲ್ಟಿನ, ಬೆರಳುಗಾತ್ರದ ಉರುಳೆ. ಯಂತ್ರ ಆರಿರುವಾಗ ತಾರೀಕು, ಗಂಟೆ, ಹಾರ್ಡ್ ಡಿಸ್ಕಿನ ವಿವರ ಇವನ್ನು ನೆನಪಿಡಿಸುವುದಷ್ಟೇ ಅದರ ಕೆಲಸ. ಇಷ್ಟು ಸಣ್ಣ ಕೆಲಸಕ್ಕಿದ್ದ ಭಾಗವೇ ಇಡೀ ಬೋರ್ಡನ್ನು ಕೊಲ್ಲುತ್ತದೆ.

ಅದರೊಳಗಿನ ದ್ರಾವಣ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟುವಾದ ಕ್ಷಾರ. ಈ ಕ್ಷಾರ ಬಿದ್ದ ಜಾಗದಲ್ಲೇ ಇರುವುದಿಲ್ಲ; ಲೋಹದ ಮೈ ಹಿಡಿದು ತೆವಳುತ್ತದೆ. ಬ್ಯಾಟರಿಯ ಕಾಲಿನಿಂದ ಇಳಿದು, ಬೋರ್ಡಿನ ಹಸಿರು ಲೇಪದ ಅಡಿಗೆ ನುಸುಳಿ, ತಾಮ್ರದ ಗೆರೆಗಳ ಉದ್ದಕ್ಕೂ ಹೋಗಿ, ಪಕ್ಕದ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಸಾಕೆಟ್ಟು, ಅದರಾಚೆಯ ಸ್ಲಾಟುಗಳನ್ನು ಮುಟ್ಟುತ್ತದೆ. ಮೇಲಿನಿಂದ ನೋಡಿದರೆ ಸ್ವಲ್ಪ ಬಿಳಿಪುಡಿ, ಸ್ವಲ್ಪ ನೀಲಿಹಸಿರು ಕಿಲುಬು ಕಾಣುತ್ತದಷ್ಟೆ. ಲೇಪ ಕೆರೆದಾಗಲೇ ಅಡಿಯ ಗೆರೆ ಕಪ್ಪಾಗಿ ಪುಡಿಯಾಗಿರುವುದು ಗೊತ್ತಾಗುವುದು.

ಚಿಕಿತ್ಸೆ ಸುಲಭ, ತಾಳ್ಮೆ ಕಷ್ಟ. ಬ್ಯಾಟರಿಯನ್ನು ಕತ್ತರಿಸಿ ತೆಗೆಯಬೇಕು. ಆ ಜಾಗಕ್ಕೆ ವಿನೆಗರ್ ಹಚ್ಚಿದರೆ ನೊರೆ ಬರುತ್ತದೆ. ಸೋರಿದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗಿರುತ್ತದೆ. ಬಿಳಿಪುಡಿ ಎಂದದ್ದು ಅದನ್ನೇ. ಆಮ್ಲ ತಗಲಿದಾಗ ಆ ಅನಿಲ ಮತ್ತೆ ಹೊರಬರುತ್ತದೆ. ಕಿಲುಬು ಹಿಡಿದ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವಾಗ ನಡೆಯುವ ರಸಾಯನವೂ ಇಂಥದ್ದೇ. ಆದರೆ ಹುಣಸೆಹಣ್ಣಿನಲ್ಲಿ ತಿರುಳು, ಸಕ್ಕರೆ ಎಲ್ಲ ಇರುವುದರಿಂದ ಬೋರ್ಡಿಗೆ ಅದು ಬೇಡ. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಣಗಿಸಬೇಕು. ವಿನೆಗರನ್ನು ತೊಳೆಯದೆ ಬಿಟ್ಟರೆ ಕ್ಷಾರದ ಜಾಗಕ್ಕೆ ಆಮ್ಲ ಬಂದು ಕೂತು ತಿನ್ನುವ ಕೆಲಸ ಮುಂದುವರಿಸುತ್ತದೆ. ಆಮೇಲೆ ಒಂದೊಂದೇ ಗೆರೆಯನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ, ಕಡಿದಿರುವಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಬೆಸೆಯಬೇಕು. ಹಲವು ಪದರಗಳ ಬೋರ್ಡಿನಲ್ಲಿ ಒಳಪದರಕ್ಕೆ ಇಳಿಯುವ ಸಣ್ಣ ತೂತುಗಳೇ ತುಕ್ಕು ಹಿಡಿದಿದ್ದರೆ ಅದು ಬೇರೆಯದೇ ತಲೆನೋವು. ಕೆಲವು ಬೋರ್ಡುಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಅವುಗಳ ಚಿಪ್ಪುಗಳು ಇನ್ನೊಂದಕ್ಕೆ ಆಗುತ್ತವೆ.

ಓದುಗರ ಮನೆಯ ಅಟ್ಟದಲ್ಲಿ ಇಂಥ ಪಿಸಿ ಇದ್ದರೆ ರಿಪೇರಿ ಯಾವತ್ತಾದರೂ ಆಗಲಿ, ಬ್ಯಾಟರಿಯನ್ನು ಮಾತ್ರ ಈ ವಾರವೇ ಕತ್ತರಿಸಿ ತೆಗೆಯಿರಿ. ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ, ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಕೆಲವು ತಯಾರಕರು ಈ ಸೋರಿಕೆಯಿಂದ ತಪ್ಪಿಸಿಕೊಳ್ಳಲು ಬೇರೆ ಉಪಾಯ ಮಾಡಿದ್ದರು. ಡಲ್ಲಾಸ್ ಡಿಎಸ್1287 ಎಂಬ ಕಪ್ಪು ಇಟ್ಟಿಗೆಯಂಥ ಚಿಪ್ಪಿನಲ್ಲಿ ಗಡಿಯಾರವನ್ನೂ ಲಿಥಿಯಂ ಸೆಲ್ಲನ್ನೂ ಒಟ್ಟಿಗೆ ಎಪಾಕ್ಸಿಯೊಳಗೆ ಹೂತಿಟ್ಟರು. ಸೋರುವ ಭಯವಿಲ್ಲ, ಆದರೆ ಸೆಲ್ ಸತ್ತ ಮೇಲೆ ಬದಲಿಸುವ ದಾರಿಯೂ ಇಲ್ಲ. ಹವ್ಯಾಸಿಗಳು ಬಿಟ್ಟಾರೆಯೇ? ಸಣ್ಣ ಗರಗಸದಿಂದ ಎಪಾಕ್ಸಿಯನ್ನು ಕೆರೆದು, ಒಳಗಿನ ಸೆಲ್ಲಿನ ಸಂಪರ್ಕ ಕಡಿದು, ಹೊರಗೆ ನಾಣ್ಯದಂಥ ಸೆಲ್ಲಿನ ಹೋಲ್ಡರ್ ಬೆಸೆದು ಬಿಡುತ್ತಾರೆ. ನೋಡಲು ಚೆಂದವಿರುವುದಿಲ್ಲ, ಗಡಿಯಾರ ಮಾತ್ರ ಸರಿಯಾಗಿ ಓಡುತ್ತದೆ.

ರಸಗಳ ಬಾಬತ್ತು ಮುಗಿದ ಮೇಲೂ ಯಂತ್ರ ಏಳದಿದ್ದರೆ ಪತ್ತೇದಾರಿಕೆ ಶುರು. ಇಲ್ಲಿ ಹಳೆಯ ಯಂತ್ರಗಳು ಇಂದಿನವಕ್ಕಿಂತ ಬಹಳ ಉದಾರ. ಬಿಬಿಸಿ ಮೈಕ್ರೊದ ಸರ್ವಿಸ್ ಕೈಪಿಡಿಯಲ್ಲಿ ಪೂರ್ತಿ ಸರ್ಕ್ಯೂಟ್ ನಕ್ಷೆ ಇದೆ. 6502 ಪ್ರೊಸೆಸರಿಗೆ ಇರುವುದು 56 ಆಜ್ಞೆಗಳು. ಕೀಲಿ ಒತ್ತಿದಲ್ಲಿಂದ ಅಕ್ಷರ ಮೂಡುವವರೆಗಿನ ಹಾದಿಯನ್ನು ಒಬ್ಬರೇ ತಲೆಯಲ್ಲಿ ಪೂರ್ತಿ ಇಟ್ಟುಕೊಳ್ಳಬಹುದಾದ ಕೊನೆಯ ತಲೆಮಾರಿನ ಕಂಪ್ಯೂಟರುಗಳಿವು. ಈ ಯಂತ್ರಗಳೆಲ್ಲವನ್ನೂ ಫೋನಿನಲ್ಲೇ ಅನುಕರಿಸಿ ಓಡಿಸಬಹುದಾಗಿರುವಾಗ ಕಬ್ಬಿಣದ ಕೆಲಸ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಅನುಕರಣೆಯಲ್ಲಿ ಆಟ ಆಡಬಹುದು, ಕೆಟ್ಟದ್ದನ್ನು ಹುಡುಕುವ ಸುಖ ಸಿಗದು.

ಕೆಟ್ಟದ್ದು ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ. ಸಾಕೆಟ್ಟಿನಲ್ಲಿ ಕೂತ ಚಿಪ್ಪಿನ ಕಾಲುಗಳ ಮೇಲೆ ವರ್ಷಗಳ ಮಳೆಗಾಲ ಆಕ್ಸೈಡಿನ ಪದರ ಬೆಳೆಸಿರುತ್ತದೆ. ಚಿಪ್ಪನ್ನು ಹುಷಾರಾಗಿ ಎಬ್ಬಿ ಮತ್ತೆ ಒತ್ತಿದರೆ ಆ ಉಜ್ಜುವಿಕೆಗೇ ಪದರ ಕಳಚಿ ಯಂತ್ರ ಎದ್ದು ಕೂರುತ್ತದೆ. ಮೆಮೊರಿ ಚಿಪ್ಪುಗಳ ಅನುಮಾನವಿದ್ದರೆ ಬೆರಳಿಟ್ಟು ನೋಡುತ್ತಾರೆ. ಸಾಲಿನಲ್ಲಿ ಒಂದೇ ಒಂದು ಸುಡುತ್ತಿದ್ದರೆ ಕಳ್ಳ ಅದೇ. ಅಥವಾ ಅನುಮಾನದ ಚಿಪ್ಪಿನ ಬೆನ್ನ ಮೇಲೆ ಅದೇ ಜಾತಿಯ ಒಳ್ಳೆಯ ಚಿಪ್ಪನ್ನು ಕಾಲಿಗೆ ಕಾಲು ತಾಗುವಂತೆ ಕೂರಿಸಿ ಸ್ವಿಚ್ ಹಾಕುತ್ತಾರೆ. ಅಡಿಯ ಚಿಪ್ ಮಾತು ನಿಲ್ಲಿಸಿದ್ದರೆ ಮೇಲಿನದು ಅದರ ಪರವಾಗಿ ಉತ್ತರಿಸುತ್ತದೆ. ಅಡಿಯದು ಶಾರ್ಟ್ ಆಗಿದ್ದರೆ ಮಾತ್ರ ಈ ಉಪಾಯ ನಡೆಯದು.

ಸಿಲಿಕಾನ್ ಸಾಯುವುದಿಲ್ಲ ಎಂದೆನಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಸಾಯುವುದಾದರೆ ಅದನ್ನು ಸಾಮಾನ್ಯವಾಗಿ ಬೇರೆಯವರು ಕೊಲ್ಲುತ್ತಾರೆ. 1982ರ ಕಮೊಡೊರ್ 64 ಇದಕ್ಕೆ ಹೆಸರುವಾಸಿ. ಅದರ ಪವರ್ ಸಪ್ಲೈ ಎಪಾಕ್ಸಿ ತುಂಬಿದ ಒಂದು ಗಟ್ಟಿ ಡಬ್ಬಿ. ಕಾವು ಹೊರಹೋಗಲು ದಾರಿಯಿಲ್ಲದೆ ಒಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದಲ್ಲಿ ಅದಕ್ಕಿಂತ ಹೆಚ್ಚು ಹರಿಯುತ್ತದೆ, ಮೊದಲು ಮೆಮೊರಿ ಚಿಪ್ಪುಗಳು ಹೋಗುತ್ತವೆ. ಮೂಲ ಡಬ್ಬಿಯನ್ನು ನೆನಪಿಗೆ ಇಟ್ಟುಕೊಂಡು, ಯಂತ್ರಕ್ಕೆ ಹೊಸ ಸಪ್ಲೈ ಕೊಡುವುದೇ ಕ್ಷೇಮ. ಇನ್ನೊಂದು ನಿಧಾನ ಸಾವು ಯಂತ್ರದ ಆಜ್ಞೆಗಳನ್ನು ಹಿಡಿದಿಡುವ ಇಪಿರಾಮ್ (EPROM) ಚಿಪ್ಪುಗಳದ್ದು. ಅವುಗಳಲ್ಲಿ ಒಂದೊಂದು ಬಿಟ್ ಎಂದರೆ ಗಾಜಿನಂಥ ಪೊರೆಯೊಳಗೆ ಸೆರೆಯಾದ ಹಿಡಿಯಷ್ಟು ಎಲೆಕ್ಟ್ರಾನು. ದಶಕಗಳಲ್ಲಿ ಅವು ಜಾರಿಹೋಗುತ್ತವೆ. ಚಿಪ್ಪಿನ ನೆತ್ತಿಯ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿ ಅಲಂಕಾರಕ್ಕಲ್ಲ, ನೇರಳಾತೀತ ಕಿರಣ ಒಳಹೋಗಿ ಅಳಿಸದಿರಲಿ ಎಂದು. ಕೈಗೆ ಸಿಕ್ಕ ಯಂತ್ರದ ಇಪಿರಾಮ್‌ಗಳನ್ನು ಮೊದಲು ಓದಿ ನಕಲು ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಹೊರಗಿನ ಕವಚದ ಬಗ್ಗೆ ಹವ್ಯಾಸಿಗಳಿಗಿರುವ ವ್ಯಾಮೋಹ ನನಗೆ ಅಷ್ಟಾಗಿ ಅರ್ಥವಾಗಿಲ್ಲ. ಕೆನೆಬಣ್ಣದ ಡಬ್ಬಿ ಅರಿಸಿನ ಬಣ್ಣಕ್ಕೆ ತಿರುಗುವುದು ನಿಜ. ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿರುವ ಬ್ಯುಟಡೀನಿನ ಸರಪಳಿಗಳ ಮೇಲೆ ಬೆಳಕು ಮತ್ತು ಆಮ್ಲಜನಕ ಕೆಲಸ ಮಾಡಿ, ನೀಲಿ ಬೆಳಕನ್ನು ನುಂಗುವ ಹೊಸ ಅಣುಗಳು ಹುಟ್ಟುತ್ತವೆ. ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಇದಕ್ಕೆ ಕೈಜೋಡಿಸುತ್ತವೆ. 2008ರಲ್ಲಿ ಹವ್ಯಾಸಿಗಳೇ ಇದಕ್ಕೊಂದು ಮದ್ದು ಕಂಡುಕೊಂಡರು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಹಳದಿ ಹೋಗುತ್ತದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ 6 ಶೇಕಡಾ ದ್ರಾವಣವೂ, ಸಲೂನ್ ಸಾಮಾನಿನ ಅಂಗಡಿಗಳಲ್ಲಿ 12 ಶೇಕಡಾ ಕ್ರೀಮೂ ಸಿಗುತ್ತದೆ; ಬಿಸಿಲಿಗಂತೂ ಬರವಿಲ್ಲ. ಆದರೆ ಕ್ರೀಮ್ ಎಲ್ಲೆಡೆ ಸಮನಾಗಿ ಹರಡದಿದ್ದರೆ ಪಟ್ಟೆಪಟ್ಟೆಯಾಗಿ ಬಿಳಚಿ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಆ ಪಟ್ಟೆ ಹೋಗುವುದೂ ಇಲ್ಲ. ಸರಿಯಾಗಿ ಬಂದದ್ದೂ ಕತ್ತಲಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಮತ್ತೆ ಹಳದಿಯಾಗಬಹುದು. ಸಾಬೂನಿನಲ್ಲಿ ತೊಳೆದು ಹಳದಿಯನ್ನು ಹಳದಿಯಾಗಿಯೇ ಬಿಡುವುದು ನನ್ನ ಪಕ್ಷ.

ಈಗ ಯಂತ್ರವನ್ನು ಮೇಲ್ದರ್ಜೆಗೆ ಏರಿಸುವ ಮಾತಿಗೆ ಬರೋಣ. ಹಳೆಯ ಯಂತ್ರದ ಹೊಟ್ಟೆಯೆಲ್ಲ ಕಿತ್ತು ಅದರೊಳಗೆ ಹೊಸ ಮದರ್‌ಬೋರ್ಡ್ ತುರುಕುವವರಿದ್ದಾರೆ. ಅದನ್ನು ನಾನು ಮೇಲ್ದರ್ಜೆ ಎನ್ನಲಾರೆ. ಬೋರ್ಡನ್ನು ಕುಯ್ಯದೆ, ಡಬ್ಬಿಗೆ ತೂತು ಕೊರೆಯದೆ, ಬೇಡವಾದ ದಿನ ಬಿಚ್ಚಿ ಮೊದಲಿನಂತೆ ಮಾಡಬಹುದಾದದ್ದು ಮಾತ್ರ ಸರಿ. ಈ ಕಟ್ಟುಪಾಡಿನೊಳಗೇ ಆಶ್ಚರ್ಯವಾಗುವಷ್ಟು ಜಾಗವಿದೆ. ಹಾರ್ಡ್ ಡಿಸ್ಕನ್ನೇ ನೋಡಿ. 386ರ ಕಾಲದ, ‘ಐಡಿಇ’ ಎಂಬ ಜೋಡಣೆಯ ಡಿಸ್ಕಿನ ಜಾಗಕ್ಕೆ ಹಳೆಯ ಕ್ಯಾಮೆರಾಗಳಲ್ಲಿದ್ದ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡನ್ನು ಬರೀ ಪಿನ್ನುಗಳ ಜೋಡಣೆ ಬದಲಿಸುವ ಅಡಾಪ್ಟರಿನಿಂದ ಕೂರಿಸಬಹುದು. ಆ ಕಾರ್ಡಿನ ವಿನ್ಯಾಸದಲ್ಲೇ ಐಡಿಇ ಭಾಷೆ ಸೇರಿಕೊಂಡಿದೆ, ನಡುವೆ ದುಭಾಷಿ ಬೇಕಿಲ್ಲ. ಅದಕ್ಕೂ ಹಿಂದಿನ 8 ಬಿಟ್ ಪಿಸಿಗಳಿಗೆ ‘ಎಕ್ಸ್‌ಟಿ-ಐಡಿಇ’ ಎಂಬ ಕಾರ್ಡನ್ನು ಹವ್ಯಾಸಿಗಳೇ ರೂಪಿಸಿ ನಕ್ಷೆಯನ್ನೂ ತಂತ್ರಾಂಶವನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಫ್ಲಾಪಿ ಡ್ರೈವಿನ ಜಾಗಕ್ಕೆ ಬರುವ ಗೋಟೆಕ್ ಎಂಬ ಪೆಟ್ಟಿಗೆ ಮೂಲತಃ ಕಸೂತಿ ಯಂತ್ರಗಳಂಥ ಕಾರ್ಖಾನೆ ಸಾಮಾನಿಗಾಗಿ ಹುಟ್ಟಿದ್ದು. ಅದಕ್ಕೊಂದು ಹೊಸ ಫರ್ಮ್‌ವೇರ್ ಹಾಕಿದರೆ ಪೆನ್ ಡ್ರೈವ್ ಒಂದು ನೂರಾರು ಫ್ಲಾಪಿಗಳ ವೇಷ ಹಾಕುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಬಿಬಿಸಿ ಮೈಕ್ರೊದ ‘ಟ್ಯೂಬ್’. ಡಬ್ಬಿಯ ಹೊಟ್ಟೆಯ ಕೆಳಗೆ, ಇನ್ನೊಂದು ಪ್ರೊಸೆಸರನ್ನೇ ಹೊರಗಿನಿಂದ ಜೋಡಿಸಲು ಬಿಟ್ಟ ಕಿಂಡಿ ಅದು. ಹೊರಗಿನ ಪ್ರೊಸೆಸರ್ ಲೆಕ್ಕ ಮಾಡುತ್ತದೆ. ಒಳಗಿನದು ಕೀಲಿ, ಪರದೆ, ಡಿಸ್ಕು ನೋಡಿಕೊಳ್ಳುತ್ತದೆ. ಏಕಾರ್ನ್ ಆಗ ಮಾರಿದ 6502 ಎರಡನೇ ಪ್ರೊಸೆಸರಿನ ವೇಗ 3 ಮೆಗಾಹರ್ಟ್ಸ್. ಅದೇ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹೊಸ ಪ್ರೊಸೆಸರೊಂದನ್ನು ವಿನ್ಯಾಸ ಮಾಡಿದರು. ಕಾಗದದ ಮೇಲಿದ್ದಾಗ ಅದರ ಆಜ್ಞೆಗಳನ್ನು ವಿಲ್ಸನ್ ಅನುಕರಿಸಿ ನೋಡಿದ್ದು ಬಿಬಿಸಿ ಬೇಸಿಕ್‌ನಲ್ಲಿ. 1985ರ ಏಪ್ರಿಲ್ 26ರಂದು ಕಾರ್ಖಾನೆಯಿಂದ ಬಂದ ಆ ಚಿಪ್ ಮೊದಲ ದಿನವೇ ಓಡಿತು. ಜನರ ಕೈಸೇರಿದ್ದೂ ಟ್ಯೂಬಿಗೆ ಜೋಡಿಸುವ ಎರಡನೇ ಪ್ರೊಸೆಸರಿನ ರೂಪದಲ್ಲಿ. ಅದರ ಹೆಸರು ಆರ್ಮ್. ಇವತ್ತು ಬಹುಪಾಲು ಎಲ್ಲ ಫೋನುಗಳ ಒಳಗೂ ಅದರ ಸಂತತಿಯಿದೆ, ರಾಸ್ಪ್‌ಬೆರಿ ಪೈ ಎಂಬ ಅಂಗೈ ಕಂಪ್ಯೂಟರಿನಲ್ಲೂ ಇದೆ. ಹವ್ಯಾಸಿಗಳು ಈಗ ಅದೇ ಪೈಯನ್ನು ತಂದು ಅದೇ ಟ್ಯೂಬಿಗೆ ಚುಚ್ಚುತ್ತಾರೆ. ಪೈಯ ಒಳಗೆ ಓಡುವ ತಂತ್ರಾಂಶ 6502ರ ವೇಷ ಹಾಕಿ 200 ಮೆಗಾಹರ್ಟ್ಸ್ ಮೀರಿದ ವೇಗದಲ್ಲಿ ಹಳೆಯ ಬೇಸಿಕ್ ಪ್ರೋಗ್ರಾಮುಗಳನ್ನು ಓಡಿಸುತ್ತದೆ. ಒಂದು ಆಜ್ಞೆ ಕೊಟ್ಟರೆ ಅದು ಜೆಡ್80 ಎಂಬ ಇನ್ನೊಂದು ಹಳೆಯ ಪ್ರೊಸೆಸರ್ ಆಗುತ್ತದೆ, ಇನ್ನೊಂದಕ್ಕೆ ತನ್ನ ಮೂಲಪುರುಷನಾದ ಮೊದಲ ಆರ್ಮ್ ಆಗುತ್ತದೆ. ಬಿಬಿಸಿ ಮೈಕ್ರೊದ ಒಂದು ಬೆಸುಗೆಯನ್ನೂ ಮುಟ್ಟಬೇಕಿಲ್ಲ.

ಉಳಿದದ್ದು ಫ್ಲಾಪಿಗಳು. ಕರ್ನಾಟಕದ ಮಟ್ಟಿಗೆ ಈ ಹವ್ಯಾಸ ಆಟವಾಗಿ ಉಳಿಯದೆ ನಿಜವಾದ ಕೆಲಸವಾಗುವುದು ಇಲ್ಲಿಯೇ. ಫ್ಲಾಪಿಯ ಮೇಲೆ ಸೊನ್ನೆ ಒಂದುಗಳು ನೇರವಾಗಿ ಬರೆದಿರುವುದಿಲ್ಲ. ಇರುವುದು ಕಾಂತದ ದಿಕ್ಕು ಬದಲಾಗುವ ಬಿಂದುಗಳು, ಅವುಗಳ ನಡುವಿನ ಸಮಯ. ಬಿಬಿಸಿ ಮೈಕ್ರೊದ ಫ್ಲಾಪಿಯಲ್ಲಿ ಆ ಅಂತರ 4 ಮೈಕ್ರೊಸೆಕೆಂಡ್ ಇದ್ದರೆ ಒಂದು ಅರ್ಥ, 8 ಇದ್ದರೆ ಇನ್ನೊಂದು. ಲೇಪ ಮುದಿಯಾದಾಗ ಸೂಚನೆಗಳು ಕ್ಷೀಣಿಸಿ ಅಂತರಗಳು ತೊದಲುತ್ತವೆ, ಡ್ರೈವ್ ‘ಓದಲಾಗದು’ ಎಂದು ಕೈಚೆಲ್ಲುತ್ತದೆ. ಗ್ರೀಸ್‌ವೀಸಲ್, ಕ್ರಯೊಫ್ಲಕ್ಸ್ ಮೊದಲಾದ ಪುಟ್ಟ ಬೋರ್ಡುಗಳು ಅರ್ಥದ ಗೊಡವೆಗೆ ಹೋಗದೆ ಬರೀ ಅಂತರಗಳನ್ನು ಹಲವು ಸುತ್ತು ದಾಖಲಿಸಿಕೊಳ್ಳುತ್ತವೆ. ಯಾವ ತೊದಲಿಗೆ ಯಾವ ಅಕ್ಷರ ಎಂಬುದನ್ನು ಆಮೇಲೆ ನಿಧಾನವಾಗಿ ತಂತ್ರಾಂಶ ತೀರ್ಮಾನಿಸುತ್ತದೆ. ಮಲೆನಾಡು, ಕರಾವಳಿಯ ಫ್ಲಾಪಿಗಳಲ್ಲಿ ಇದಕ್ಕೂ ಮೊದಲು ಬೂಷ್ಟಿನ ಕೆಲಸವಿದೆ. ಕಿಂಡಿಯಲ್ಲಿ ಇಣುಕಿದಾಗ ಮಂಕಾದ ಬಿಳಿ ಮಚ್ಚೆ ಕಂಡರೆ ಅದನ್ನು ಡ್ರೈವಿಗೆ ಹಾಕಲೇಬಾರದು. ಬೂಷ್ಟು ರೀಡಿಂಗ್ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀಚುತ್ತದೆ. ಕವಚ ಕತ್ತರಿಸಿ ತಟ್ಟೆಯನ್ನು ಹೊರತೆಗೆದು, ಮೆತ್ತಗೆ ತೊಳೆದು, ಒಣಗಿಸಿ, ಬೇರೆ ಕವಚಕ್ಕೆ ಹಾಕಿ ಒಂದೇ ಸಲಕ್ಕೆ ಓದಿಕೊಳ್ಳಬೇಕು.

ಓದಿದ ಮೇಲೂ ಕನ್ನಡ ಸಿಗುತ್ತದೆಂಬ ಖಾತ್ರಿಯಿಲ್ಲ. 1990ರ ದಶಕದ ಮುದ್ರಣಾಲಯಗಳು, ಪತ್ರಿಕೆಗಳು, ಲೇಖಕರು ಕನ್ನಡ ಕೂಡಿಸಿದ್ದು ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳಲ್ಲಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ನಮ್ಮ ಮೇಜಿನ ಮೇಲೆ ಬರಲು ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು. ಅಲ್ಲಿಯವರೆಗೆ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಗುಪ್ತಲಿಪಿ. ಒಂದರಲ್ಲಿ ‘ಕ’ ಎಂದಿದ್ದ ಸಂಖ್ಯೆ ಇನ್ನೊಂದರಲ್ಲಿ ಯಾವುದೋ ಒತ್ತಕ್ಷರ. ಕಡತವನ್ನು ಸರಿಯಾಗಿ ತೋರಿಸಬಲ್ಲದ್ದು ಆಗಿನ ತಂತ್ರಾಂಶ, ಅದು ಓಡುವುದು ವಿಂಡೋಸ್ 95 ಅಥವಾ 98ರಲ್ಲಿ. ಅದೂ ಸುಮ್ಮನೆ ಓಡದು. ಅಂಥ ಹಲವು ಡಿಟಿಪಿ ತಂತ್ರಾಂಶಗಳು ಪಿಸಿಯ ಬೆನ್ನಿನ ಪ್ರಿಂಟರ್ ಪೋರ್ಟಿಗೆ ಚುಚ್ಚುವ, ಬೆಂಕಿಪೊಟ್ಟಣದಷ್ಟು ದೊಡ್ಡ ಹಾರ್ಡ್‌ವೇರ್ ಲಾಕ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತಿದ್ದವು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಆ ಪೋರ್ಟನ್ನು ಅನುಕರಿಸುವ ಅಗ್ಗದ ಕೇಬಲ್ಲುಗಳು ಪ್ರಿಂಟರಿಗೆ ಸಾಕಾಗುತ್ತವೆ, ಲಾಕಿಗೆ ಸಾಲುವುದಿಲ್ಲ. ಹಾಗಾಗಿ ಹಳೆಯ ಕನ್ನಡ ಪುಸ್ತಕದ ಕಡತಗಳನ್ನು ಯುನಿಕೋಡಿಗೆ ತರಲು ಹೊರಟವರಿಗೆ ಪ್ರಿಂಟರ್ ಪೋರ್ಟಿರುವ, ಕೆಪಾಸಿಟರ್ ಬದಲಿಸಿದ, ಬ್ಯಾಟರಿ ಕಿತ್ತ ಒಂದು ಪೆಂಟಿಯಂ ಯಂತ್ರ ಇನ್ನೂ ಬೇಕಾಗುತ್ತದೆ. ಯಂತ್ರವನ್ನು ಗುಜರಿಯಲ್ಲಿ ಹುಡುಕಿ ತರಬಹುದು, ಪ್ಲಾಸ್ಟಿಕ್ಕು ಯಾವ ಬಣ್ಣದ್ದಾದರೂ ನಡೆಯುತ್ತದೆ, ಡಿಸ್ಕಿನ ಜಾಗಕ್ಕೆ ಕಾರ್ಡು ಬರುತ್ತದೆ. ಆ ಪುಟ್ಟ ಲಾಕಿಗೆ ಮಾತ್ರ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ. ಹಳೆಯ ಪ್ರೆಸ್ಸೊಂದರ ಕಂಪ್ಯೂಟರುಗಳನ್ನು ತೂಕಕ್ಕೆ ಹಾಕುವ ಮೊದಲು ಅವುಗಳ ಬೆನ್ನು ತಿರುಗಿಸಿ, ಅಲ್ಲೇನಾದರೂ ಚುಚ್ಚಿದೆಯೇ ಎಂದು ನೋಡಿಕೊಳ್ಳಬೇಕು.